ಅನೇಕಾಂತದ ಹೆಸರಿನಲ್ಲಿ ಮೌನ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ರೋಗಿಯ ಚಿಕಿತ್ಸೆಯ ವೆಚ್ಚವನ್ನು ಯಾರು ಹೊರಬೇಕೆಂಬ ವಿವಾದವು ಎಂಟು ದಶಕಗಳಷ್ಟು ಹಳೆಯದು. 1945ರ ನವೆಂಬರ್ ತಿಂಗಳಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರು ರಾಷ್ಟ್ರೀಯ ಆರೋಗ್ಯ ವಿಮೆಯ ಪ್ರಸ್ತಾಪವನ್ನು ಅಲ್ಲಿನ ಶಾಸನಸಭೆಯ ಮುಂದಿಟ್ಟಲ್ಲಿಂದ ಮೊದಲುಗೊಂಡು, 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ ವಿಮಾ ಸಹಾಯಧನದ ಪ್ರಶ್ನೆಯ ಮೇಲೆ ಕೇಂದ್ರ ಸರಕಾರದ ಆಡಳಿತವೇ 43 ದಿನ ಸ್ಥಗಿತಗೊಂಡವರೆಗೆ, ಈ ಕಲಹವು ಶಮನವಾಗಲಿಲ್ಲ. ಅಲ್ಲಿ ನೆಲೆಸಿರುವ ಜೈನ ಕುಟುಂಬಗಳಲ್ಲಿಯೂ, ಮಕ್ಕಳನ್ನು ಅಲ್ಲಿಗೆ ಕಳುಹಿಸಿ ಇಲ್ಲಿ ಉಳಿದಿರುವ ಕುಟುಂಬಗಳಲ್ಲಿಯೂ ಈ ವಿಷಯ ಬಂದಾಗಲೆಲ್ಲ ಒಂದು ಸಿದ್ಧ ಉತ್ತರ ಕೇಳಿಬರುತ್ತದೆ: ಎರಡೂ ಪಕ್ಷಗಳಲ್ಲಿ ಸತ್ಯಾಂಶವಿದೆ, ಜೈನರು ಅನೇಕಾಂತವಾದಿಗಳು, ಆದುದರಿಂದ ಈ ಜಗಳ ಜೈನರಿಗೆ ಬೇಡ.

ಮಾತು ಕೇಳುವುದಕ್ಕೆ ಸೌಮ್ಯವಾಗಿದೆ, ಶಾಸ್ತ್ರಸಮ್ಮತವೆಂಬಂತೆಯೂ ತೋರುತ್ತದೆ. ಆದರೆ ಅದು ಅನೇಕಾಂತವಲ್ಲ. ತಿಳಿಯುವ ಶ್ರಮವನ್ನೂ ನುಡಿಯುವ ಹೊಣೆಯನ್ನೂ ತಪ್ಪಿಸಿಕೊಳ್ಳಲು ಒಂದು ಮಹಾಸಿದ್ಧಾಂತದ ಹೆಸರನ್ನು ಹೊದ್ದುಕೊಂಡ ಔದಾಸೀನ್ಯವದು. ಆ ಔದಾಸೀನ್ಯದ ಬೆಲೆಯನ್ನು ತೆರುವವರು ಅದನ್ನು ಆಚರಿಸುವವರಲ್ಲ, ರೋಗಿಗಳು.

ಆನೆಯನ್ನು ಮುಟ್ಟಿ ನೋಡಿದ ಕುರುಡರ ಕಥೆಯನ್ನು ಪ್ರತಿಯೊಂದು ಜಯಂತಿ ಸಮಾರಂಭದಲ್ಲಿಯೂ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ. ಹೇಳುವವರು ಸಾಮಾನ್ಯವಾಗಿ ಮರೆಯುವ ಒಂದು ಸಂಗತಿಯಿದೆ. ಆ ಕುರುಡರೆಲ್ಲರೂ ಆನೆಯನ್ನು ನಿಜವಾಗಿಯೂ ಮುಟ್ಟಿದ್ದರು. ಕಾಲನ್ನು ಮುಟ್ಟಿದವನು ಕಂಬವೆಂದನು, ಕಿವಿಯನ್ನು ಮುಟ್ಟಿದವನು ಮೊರವೆಂದನು. ಅವರವರ ಅನುಭವದ ಮಟ್ಟಿಗೆ ಅದು ನಯ. ಆನೆಯ ಬಳಿಗೇ ಹೋಗದೆ, ಯಾರಿಂದಲೋ ಹಣ ಪಡೆದೋ ಯಾರ ಮೇಲಿನದೋ ಹಗೆಯಿಂದಲೋ ಆನೆಗೆ ಕೊಂಬಿದೆಯೆಂದು ಕೂಗುವವನ ಮಾತು ನಯವಲ್ಲ, ಅಸತ್ಯ. ಉಳಿದ ನಯಗಳನ್ನು ಅಪೇಕ್ಷಿಸುವ ನಯವು ಸುನಯ, ಅವನ್ನು ಅಲ್ಲಗಳೆಯುವುದು ದುರ್ನಯ ಎಂದು ಆಚಾರ್ಯರು ವಿಂಗಡಿಸಿಟ್ಟಿರುವುದು ಸುಮ್ಮನೆ ಅಲ್ಲ. ಸಮಂತಭದ್ರಾಚಾರ್ಯರು ಆಪ್ತಮೀಮಾಂಸೆಯಲ್ಲಿ ಭಾವೈಕಾಂತ, ಅಭಾವೈಕಾಂತ, ನಿತ್ಯೈಕಾಂತ, ಕ್ಷಣಿಕೈಕಾಂತಗಳನ್ನು ಒಂದೊಂದಾಗಿ ಎತ್ತಿಕೊಂಡು ಖಂಡಿಸಿದರು. ಎಲ್ಲರದೂ ಸರಿಯೆಂದು ಹೇಳಿ ಎದ್ದು ಹೋಗಲಿಲ್ಲ. ಅಕಲಂಕರು ಅದಕ್ಕೆ ಅಷ್ಟಶತಿಯನ್ನೂ, ವಿದ್ಯಾನಂದರು ಅಷ್ಟಸಹಸ್ರಿಯನ್ನೂ ಬರೆದದ್ದು ಮೌನವನ್ನು ವ್ಯಾಖ್ಯಾನಿಸುವುದಕ್ಕಲ್ಲ.

ಈ ದೃಷ್ಟಿಯಿಂದ ಅಮೆರಿಕದ ವಿವಾದವನ್ನು ನೋಡಬೇಕಾದರೆ ಮೊದಲು ಅಲ್ಲಿನ ವ್ಯವಸ್ಥೆಯ ಸ್ವರೂಪ ತಿಳಿದಿರಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರಕಾರವು ವೇತನ ಹೆಚ್ಚಳಕ್ಕೆ ಕಡಿವಾಣ ಹಾಕಿದಾಗ, ಉದ್ಯೋಗದಾತರು ನೌಕರರನ್ನು ಸೆಳೆಯಲು ಸಂಬಳದ ಬದಲಿಗೆ ಆರೋಗ್ಯ ವಿಮೆಯನ್ನು ಕೊಡತೊಡಗಿದರು; ಅದಕ್ಕೆ ತೆರಿಗೆಯ ವಿನಾಯಿತಿಯೂ ದೊರೆಯಿತು. ಹೀಗೆ ಒಂದು ಆಕಸ್ಮಿಕದಿಂದ ಆರೋಗ್ಯವು ಉದ್ಯೋಗಕ್ಕೆ ಗಂಟುಬಿದ್ದಿತು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ವೃದ್ಧರಿಗಾಗಿ ಮೆಡಿಕೇರ್, ಬಡವರಿಗಾಗಿ ಮೆಡಿಕೇಡ್ ಎಂಬ ಎರಡು ಯೋಜನೆಗಳ ಕಾಯಿದೆಗೆ ಸಹಿ ಹಾಕಿದರು. ಈ ಎರಡಕ್ಕೂ ಸಲ್ಲದ, ಉದ್ಯೋಗದ ವಿಮೆಯೂ ಇಲ್ಲದ ಮನುಷ್ಯ ಬಹುಕಾಲ ನಡುನೀರಿನಲ್ಲಿಯೇ ಉಳಿದನು. ಅವನಿಗೆ ಮೊದಲೇ ಮಧುಮೇಹವೋ ಹೃದ್ರೋಗವೋ ಇದ್ದರೆ, ಆ ಕಾರಣದಿಂದಲೇ ವಿಮಾ ಕಂಪನಿಯು ಅವನನ್ನು ನಿರಾಕರಿಸಬಹುದಾಗಿತ್ತು. 2010ರಲ್ಲಿ ಸುಮಾರು 4.8 ಕೋಟಿ ಜನರು ಯಾವ ವಿಮೆಯೂ ಇಲ್ಲದೆ ಇದ್ದರು.

ಇದನ್ನು ಸರಿಪಡಿಸುವ ಬಗೆಯಲ್ಲಿ ಪ್ರಾಮಾಣಿಕವಾದ ಭಿನ್ನಾಭಿಪ್ರಾಯಗಳು ಇದ್ದವು, ಇವೆ. ತೆರಿಗೆ ಕೊಡುವವನಿಗೆ ವೆಚ್ಚದ ಭಯವಿದೆ. ಸಣ್ಣ ವ್ಯಾಪಾರಿಗೆ ನಿಯಮಗಳ ಭಾರವಿದೆ. ಸರಕಾರವು ವೈದ್ಯನ ಮತ್ತು ರೋಗಿಯ ನಡುವೆ ನಿಲ್ಲಬಾರದೆಂಬ ಕಾಳಜಿಗೂ ಅರ್ಥವಿದೆ. ಇವೆಲ್ಲ ಆನೆಯನ್ನು ಮುಟ್ಟಿದವರ ಮಾತುಗಳು; ಅವನ್ನು ಗೌರವದಿಂದ ಕೇಳಬೇಕಾದುದು ನ್ಯಾಯ. ಆದರೆ ಈ ಕಲಹದ ಹೆಚ್ಚಿನ ಭಾಗ ಇಂತಹ ಮಾತುಗಳಿಂದ ನಡೆಯಲಿಲ್ಲ.

ಕಡ್ಡಾಯ ವಿಮೆಯ ಉದಾಹರಣೆಯನ್ನೇ ನೋಡಬಹುದು. ರೋಗಿಗಳನ್ನು ನಿರಾಕರಿಸಬಾರದೆಂದು ಕಂಪನಿಗಳಿಗೆ ವಿಧಿಸಿದರೆ ಆರೋಗ್ಯವಂತರೂ ವಿಮೆ ಕೊಳ್ಳಬೇಕಾಗುತ್ತದೆ. ಇಲ್ಲವಾದರೆ ಕಾಯಿಲೆ ಬಂದ ಮೇಲೆಯೇ ಎಲ್ಲರೂ ವಿಮೆಗೆ ಬರುವರು, ನಿಧಿ ಬರಿದಾಗುವುದು. ಆದುದರಿಂದ ಪ್ರತಿಯೊಬ್ಬರೂ ವಿಮೆ ಹೊಂದಿರಬೇಕೆಂಬ ವಿಚಾರವನ್ನು 1989ರಲ್ಲಿ ಮುಂದಿಟ್ಟದ್ದು ಹೆರಿಟೇಜ್ ಫೌಂಡೇಷನ್ ಎಂಬ ಸಂಪ್ರದಾಯವಾದಿ ಸಂಸ್ಥೆ. 1993ರಲ್ಲಿ ಅದನ್ನು ಮಸೂದೆಯಾಗಿ ಮಂಡಿಸಿದವರು ರಿಪಬ್ಲಿಕನ್ ಸೆನೆಟರ್ ಜಾನ್ ಚೇಫಿ. 2006ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಅದನ್ನು ಕಾಯಿದೆಯಾಗಿಸಿದವರು ರಿಪಬ್ಲಿಕನ್ ಗವರ್ನರ್ ಮಿಟ್ ರಾಮ್ನಿ. 2008ರ ಚುನಾವಣೆಯಲ್ಲಿ ಸ್ವಪಕ್ಷದ ಸ್ಪರ್ಧಿಯ ಎದುರು ಅದನ್ನು ವಿರೋಧಿಸಿದವರು ಡೆಮಾಕ್ರಟಿಕ್ ಪಕ್ಷದ ಬರಾಕ್ ಒಬಾಮಾ. ಎರಡು ವರ್ಷ ಕಳೆಯುವಷ್ಟರಲ್ಲಿ ಒಬಾಮಾ ಅದನ್ನು ತಮ್ಮ ಕಾಯಿದೆಯ ಆಧಾರಸ್ತಂಭವನ್ನಾಗಿ ಮಾಡಿಕೊಂಡರು; ರಿಪಬ್ಲಿಕನ್ನರು ಅದನ್ನು ಸ್ವಾತಂತ್ರ್ಯದ ಮೇಲಿನ ಆಕ್ರಮಣವೆಂದು ಘೋಷಿಸಿದರು; 2012ರಲ್ಲಿ ರಾಮ್ನಿಯವರೇ ಆ ಕಾಯಿದೆಯನ್ನು ರದ್ದುಗೊಳಿಸುವ ವಚನ ಕೊಟ್ಟು ಚುನಾವಣೆಗೆ ನಿಂತರು. ವಸ್ತು ಅದೇ, ಅದನ್ನು ಹಿಡಿದ ಕೈ ಮಾತ್ರ ಬೇರೆ. ಜೈನ ಪರಿಭಾಷೆಯಲ್ಲಿ ಇದಕ್ಕೆ ನಯಭೇದವೆಂದು ಹೆಸರಿಲ್ಲ, ಮಾನಕಷಾಯವೆಂದಿದೆ. 2010ರ ಮಾರ್ಚ್ 21ರಂದು ಪ್ರತಿನಿಧಿಸಭೆಯಲ್ಲಿ 219ಕ್ಕೆ 212 ಮತಗಳಿಂದ ಮಸೂದೆ ಅಂಗೀಕೃತವಾದಾಗ ಅದರ ಪರವಾಗಿ ಒಂದಾದರೂ ರಿಪಬ್ಲಿಕನ್ ಮತ ಬೀಳಲಿಲ್ಲ.

ಇದಕ್ಕಿಂತಲೂ ಜೈನರನ್ನು ಹತ್ತಿರದಿಂದ ಮುಟ್ಟಬೇಕಾದ ಸಂಗತಿ 2009ರ ಬೇಸಿಗೆಯದು. ಪ್ರತಿನಿಧಿಸಭೆಯ ಮಸೂದೆಯಲ್ಲಿ ಒಂದು ಸಣ್ಣ ವಿಧಿ ಇತ್ತು. ವೃದ್ಧ ರೋಗಿಯು ಇಚ್ಛೆಪಟ್ಟರೆ, ತನ್ನ ಜೀವಿತದ ಕೊನೆಯ ಹಂತದಲ್ಲಿ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬುದನ್ನು ವೈದ್ಯನೊಡನೆ ಮುಂಚಿತವಾಗಿ ಸಮಾಲೋಚಿಸಬಹುದು. ಆ ಸಮಾಲೋಚನೆಯ ಶುಲ್ಕವನ್ನು ಮೆಡಿಕೇರ್ ಕೊಡುವುದು. ಇಷ್ಟೇ. ಇಂತಹ ಸಲಹೆಯನ್ನು ಬೆಂಬಲಿಸಿದ್ದವರಲ್ಲಿ ರಿಪಬ್ಲಿಕನ್ ಸದಸ್ಯರೂ ಇದ್ದರು. ಆದರೆ ಆ ವರ್ಷದ ಆಗಸ್ಟ್ 7ರಂದು ಅಲಾಸ್ಕಾದ ಮಾಜಿ ಗವರ್ನರ್ ಸಾರಾ ಪೇಲಿನ್ ಅವರು, ವೃದ್ಧರೂ ಅಂಗವಿಕಲ ಮಕ್ಕಳೂ ಬದುಕಲು ಯೋಗ್ಯರೇ ಎಂದು ಅಧಿಕಾರಿಗಳು ನಿರ್ಣಯಿಸುವ ಮರಣಮಂಡಲಿಗಳು ಬರಲಿವೆಯೆಂದು ಬರೆದರು. ಅಂತಹ ಮಂಡಲಿ ಮಸೂದೆಯ ಯಾವ ಪುಟದಲ್ಲಿಯೂ ಇರಲಿಲ್ಲ. ಸುಳ್ಳು ಹಬ್ಬಿತು, ಭಯಗೊಂಡ ವೃದ್ಧರು ಸಭೆಗಳಲ್ಲಿ ಎದ್ದು ನಿಂತು ಅತ್ತರು, ಕೂಗಿದರು, ವಿಧಿಯನ್ನು ಕೈಬಿಡಲಾಯಿತು. ಅಂತಹ ಸಮಾಲೋಚನೆಗೆ ಮೆಡಿಕೇರ್ ಪ್ರತ್ಯೇಕವಾಗಿ ಶುಲ್ಕ ಕೊಡಲು ಆರಂಭಿಸಿದ್ದು 2016ರಲ್ಲಿ. ನಡುವಣ ವರ್ಷಗಳಲ್ಲಿ ಎಷ್ಟು ಮಂದಿ ತಮ್ಮ ಅಂತ್ಯದ ಬಗ್ಗೆ ತಮ್ಮ ಮಾತನ್ನು ಹೇಳಲಾಗದೆ, ಯಂತ್ರಗಳ ನಡುವೆ ಕಣ್ಣು ಮುಚ್ಚಿದರೋ ಲೆಕ್ಕವಿಟ್ಟವರಿಲ್ಲ.

ಅಂತ್ಯಕಾಲವನ್ನು ಎಚ್ಚರದಿಂದ, ಸ್ವಇಚ್ಛೆಯಿಂದ, ಸಮಾಧಾನದಿಂದ ಎದುರಿಸುವುದು ಏನೆಂಬುದನ್ನು ಜೈನರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲಿನ ಶಾಸನಗಳೇ ಅದಕ್ಕೆ ಸಾಕ್ಷಿ. ಮರಣದ ಸಿದ್ಧತೆಯನ್ನು ಕೊಲೆಯೆಂದೋ ಆತ್ಮಹತ್ಯೆಯೆಂದೋ ತಿರುಚಿದಾಗ ಆಗುವ ನೋವನ್ನೂ ಜೈನ ಸಮಾಜ ಬಲ್ಲದು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಂಥಾರಾ ವ್ರತವನ್ನು ಆತ್ಮಹತ್ಯೆಗೆ ಸಮನಾದ ಅಪರಾಧವೆಂದು ತೀರ್ಪಿತ್ತಾಗ, ಆಗಸ್ಟ್ 24ರಂದು ದೇಶದ ಅನೇಕ ನಗರಗಳಲ್ಲಿ ಶ್ರಾವಕ ಶ್ರಾವಿಕೆಯರು ಮೌನ ಮೆರವಣಿಗೆ ಹೊರಟರು. ಆ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ನೀಡಿತು. ಅಂದು ಎರಡೂ ಕಡೆ ಸತ್ಯಾಂಶವಿದೆಯೆಂದು ಹೇಳಿ ಮನೆಯಲ್ಲಿ ಕುಳಿತ ಜೈನರು ಎಷ್ಟು ಮಂದಿ? ತನ್ನ ವ್ರತದ ಬಗ್ಗೆ ಸುಳ್ಳು ಹಬ್ಬಿದಾಗ ಬೀದಿಗೆ ಬಂದ ಸಮಾಜಕ್ಕೆ, ಆರು ವರ್ಷಗಳ ಹಿಂದೆ ಪರರ ವೃದ್ಧಾಪ್ಯದ ಬಗ್ಗೆ ಅದೇ ಜಾತಿಯ ಸುಳ್ಳು ಹಬ್ಬಿದಾಗ ಅನೇಕಾಂತ ನೆನಪಾದದ್ದು ಹೇಗೆ ಎಂಬುದು ಕೇಳಲೇಬೇಕಾದ ಪ್ರಶ್ನೆ.

ಇನ್ನೊಂದು ಪಕ್ಷವೂ ಸತ್ಯಾಣುವ್ರತವನ್ನು ಪಾಲಿಸಲಿಲ್ಲ. ಈಗಿರುವ ವಿಮೆ ಇಷ್ಟವಾಗಿದ್ದರೆ ಅದನ್ನೇ ಉಳಿಸಿಕೊಳ್ಳಬಹುದೆಂದು ಒಬಾಮಾ ಅವರು ಮತ್ತೆ ಮತ್ತೆ ಭರವಸೆ ಕೊಟ್ಟಿದ್ದರು. 2013ರಲ್ಲಿ ಲಕ್ಷಾಂತರ ಜನರಿಗೆ ಅವರ ಹಳೆಯ ವಿಮೆ ರದ್ದಾಯಿತೆಂಬ ಪತ್ರಗಳು ಬಂದವು. ಆ ನವೆಂಬರ್‌ನಲ್ಲಿ ಅವರು ದೂರದರ್ಶನದಲ್ಲಿ ಕ್ಷಮೆ ಕೋರಿದರು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಸತ್ಯವ್ರತದ ಅತಿಚಾರಗಳನ್ನೆಣಿಸುವಾಗ ಮಿಥ್ಯೋಪದೇಶವನ್ನು ಮೊದಲಿಗಿಟ್ಟಿದ್ದಾರೆ. ಒಳ್ಳೆಯ ಉದ್ದೇಶಕ್ಕಾಗಿ ಹೇಳಿದ ಮಿಥ್ಯೋಪದೇಶಕ್ಕೆ ರಿಯಾಯಿತಿಯಿಲ್ಲ. ಆದರೆ ಎರಡೂ ತಪ್ಪುಗಳು ಒಂದೇ ತೂಕದವು ಎಂದು ತಕ್ಕಡಿಯನ್ನು ಸಮ ಮಾಡಿ ಕೈತೊಳೆದುಕೊಳ್ಳುವುದೂ ಸತ್ಯವಲ್ಲ. ಒಂದು, ನಿಜವಾದ ಕಾಯಿದೆಯ ಬಗ್ಗೆ ಹೇಳಿದ ಅತಿಶಯೋಕ್ತಿ, ಹೇಳಿದವನೇ ಒಪ್ಪಿಕೊಂಡದ್ದು. ಮತ್ತೊಂದು, ಇಲ್ಲದ ವಸ್ತುವಿನ ಸೃಷ್ಟಿ, ಸಾವಿನ ಭಯವನ್ನು ಬಿತ್ತಿದ್ದು.

ಪ್ರತಿಭಟನೆಗಳ ವಿಷಯದಲ್ಲಿಯೂ ಇದೇ ವಿವೇಚನೆ ಬೇಕು. 2009ರ ಸಭೆಗಳಲ್ಲಿ ಜನರು ತಮ್ಮ ಪ್ರತಿನಿಧಿಯನ್ನು ಪ್ರಶ್ನಿಸಿದ್ದು ದೋಷವಲ್ಲ. ಅದು ಪ್ರಜೆಯ ಹಕ್ಕು. (ದಕ್ಷಿಣ ಕ್ಯಾರೊಲೈನಾದ ಒಂದು ಸಭೆಯಲ್ಲಿ ಒಬ್ಬನು ಸರಕಾರವು ತನ್ನ ಮೆಡಿಕೇರ್‌ನ ಗೊಡವೆಗೆ ಬರಕೂಡದೆಂದು ಗದರಿದನು. ಮೆಡಿಕೇರ್ ಸರಕಾರದ್ದೇ ಎಂಬುದು ಆತನಿಗೆ ತಿಳಿದಿರಲಿಲ್ಲ.) ಆದರೆ ಮೇರಿಲ್ಯಾಂಡಿನಲ್ಲಿ ಒಬ್ಬ ಸದಸ್ಯನ ಪ್ರತಿಕೃತಿಯನ್ನು ನೇಣಿಗೆ ತೂಗುಹಾಕಲಾಯಿತು, 2010ರ ಮಾರ್ಚ್‌ನಲ್ಲಿ ಮಸೂದೆಯ ಪರ ಮತವಿತ್ತ ಕೆಲವರ ಕಚೇರಿಗಳ ಗಾಜುಗಳು ಒಡೆದವು. ಪ್ರತಿಕೃತಿಗೆ ಜೀವವಿಲ್ಲ, ಹಿಂಸೆ ಎಲ್ಲಿಂದ ಬಂತು ಎಂದು ಕೇಳುವವರಿಗೆ ಜನ್ನನ ಯಶೋಧರ ಚರಿತೆ ಉತ್ತರ ಕೊಟ್ಟು ಎಂಟು ಶತಮಾನಗಳು ಸಂದಿವೆ. ಹಿಟ್ಟಿನ ಕೋಳಿಯನ್ನು ಕಡಿದ ಸಂಕಲ್ಪಕ್ಕೆ ಆ ರಾಜನೂ ಆತನ ತಾಯಿಯೂ ಎಷ್ಟು ಭವಗಳನ್ನು ತೊಳಲಿದರೆಂಬುದು ಪ್ರತಿ ಜೈನ ಮನೆಗೂ ತಿಳಿದಿದೆ.

ಅದರ ಮುಂದೆ 2017ರ ಜೂನ್ 22ರ ದೃಶ್ಯವನ್ನಿಟ್ಟು ನೋಡಬೇಕು. ಮೆಡಿಕೇಡ್ ಅನುದಾನವನ್ನು ಕಡಿತಗೊಳಿಸುವ ಮಸೂದೆ ಸೆನೆಟ್ಟಿಗೆ ಬಂದಾಗ, ಅಂಗವಿಕಲರು ಸೆನೆಟ್ ನಾಯಕ ಮಿಚ್ ಮೆಕಾನೆಲ್ ಅವರ ಕಚೇರಿಯ ಹೊರಗೆ ನೆಲದ ಮೇಲೆ ಮಲಗಿದರು. ಗಾಲಿಕುರ್ಚಿಗಳಿಂದ ಅವರನ್ನು ಎತ್ತಿ ಸಾಗಿಸಲಾಯಿತು, 43 ಮಂದಿ ಬಂಧಿತರಾದರು. ಅವರು ಯಾರನ್ನೂ ಹೊಡೆಯಲಿಲ್ಲ, ಯಾರ ಪ್ರತಿಕೃತಿಯನ್ನೂ ಸುಡಲಿಲ್ಲ; ತಮ್ಮ ದೇಹವನ್ನೇ ತಮ್ಮ ಮಾತಾಗಿ ಇಟ್ಟರು. ಆ ಜುಲೈ 28ರ ಬೆಳಗಿನ ಜಾವ 51ಕ್ಕೆ 49 ಮತಗಳಿಂದ ರದ್ದತಿಯ ಪ್ರಯತ್ನ ಸೋತಿತು. ಸೋಲಿಸಿದವರಲ್ಲಿ ಜಾನ್ ಮೆಕೇನ್, ಸೂಸನ್ ಕಾಲಿನ್ಸ್, ಲೀಸಾ ಮರ್ಕೌಸ್ಕಿ ಎಂಬ ಮೂವರು ರಿಪಬ್ಲಿಕನ್ನರಿದ್ದರು. ಪಕ್ಷದಲ್ಲಿದ್ದೂ ಪಕ್ಷದ ಏಕಾಂತಕ್ಕೆ ಒಳಗಾಗದೆ ಇರುವುದು ಸಾಧ್ಯವೆಂಬುದಕ್ಕೆ ಶಾಸ್ತ್ರದ ಹೊರಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

2024ರ ಡಿಸೆಂಬರ್ 4ರಂದು ನ್ಯೂಯಾರ್ಕಿನ ಬೀದಿಯಲ್ಲಿ ಒಂದು ದೊಡ್ಡ ವಿಮಾ ಕಂಪನಿಯ ಮುಖ್ಯಸ್ಥರನ್ನು ಗುಂಡಿಟ್ಟು ಕೊಲ್ಲಲಾಯಿತು. ವಿಮೆಯವರು ಚಿಕಿತ್ಸೆಯನ್ನು ನಿರಾಕರಿಸಿದ ತಮ್ಮ ಕಹಿ ಅನುಭವಗಳನ್ನು ಹೇಳಿಕೊಳ್ಳುತ್ತ ಅಸಂಖ್ಯ ಜನರು ಆ ಕೊಲೆಗೆ ಸಂತೋಷಪಟ್ಟರು. ಅವರ ನೋವು ನಿಜ. ಆದರೆ ಕೃತ, ಕಾರಿತ, ಅನುಮೋದನ ಎಂಬ ಮೂರರಲ್ಲಿ ಮೂರನೆಯದೂ ಹಿಂಸೆಯೇ. ಇಲ್ಲಿ ಜೈನರು ಬಾಯಿಬಿಟ್ಟು ಹೇಳಲೇಬೇಕಾದ ಮಾತೊಂದಿತ್ತು. ಇಲ್ಲಿಯೂ ಮೌನವೇ ಹೆಚ್ಚು ಕಂಡಿತು.

ಇಷ್ಟೆಲ್ಲ ಹೇಳಿದ ಮೇಲೆ ಕೊಡಲಾಗುವ ಇನ್ನೊಂದು ಉತ್ತರವಿದೆ, ಅದು ದಾನದ್ದು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಜೈನರು ಸಾವಿರಾರು ವರ್ಷಗಳಿಂದ ನಡೆಸಿಕೊಂಡು ಬಂದಿದ್ದಾರೆ. ಬಸದಿಯ ಆವರಣದಲ್ಲಿ ಶಿಬಿರ ನಡೆಸಿ, ಕನ್ನಡಕ ಕೊಟ್ಟು, ರಕ್ತ ಪರೀಕ್ಷಿಸಿ ತಮ್ಮ ಕರ್ತವ್ಯ ಮಾಡುತ್ತಾರೆ. ಸರಕಾರದ ಕಾಯಿದೆ ಸರಕಾರಕ್ಕೆ ಬಿಟ್ಟದ್ದು ಎಂಬುದು ಆ ಉತ್ತರ. ಔಷಧದಾನದ ಮಹತ್ತ್ವವನ್ನು ಅಲ್ಲಗಳೆಯುವ ಅಗತ್ಯವಿಲ್ಲ. ಆದರೆ ಮೂತ್ರಪಿಂಡ ಕೆಟ್ಟವನಿಗೆ ವಾರಕ್ಕೆ ಮೂರು ಬಾರಿ, ಜೀವವಿರುವವರೆಗೆ, ರಕ್ತಶುದ್ಧಿ ನಡೆಯಬೇಕು. ವರ್ಷಕ್ಕೊಮ್ಮೆ ನಡೆಯುವ ಶಿಬಿರದಲ್ಲಿ ಅದು ಆಗುವುದೆಂತು? 1972ರಲ್ಲಿ ರಿಪಬ್ಲಿಕನ್ ಅಧ್ಯಕ್ಷ ರಿಚರ್ಡ್ ನಿಕ್ಸನ್ ಸಹಿ ಹಾಕಿದ ಕಾಯಿದೆಯೊಂದು ಅಮೆರಿಕದ ಮೂತ್ರಪಿಂಡ ರೋಗಿಗಳನ್ನು, ವಯಸ್ಸು ಎಷ್ಟೇ ಇರಲಿ, ಮೆಡಿಕೇರ್ ಆಶ್ರಯಕ್ಕೆ ತಂದಿತು. ಒಂದು ಸಹಿಯು ಮಾಡಿದ ಆ ಕೆಲಸವನ್ನು ಎಲ್ಲ ಧರ್ಮಗಳ ಎಲ್ಲ ಟ್ರಸ್ಟುಗಳು ಕೂಡಿದರೂ ಮಾಡಲಾಗುತ್ತಿರಲಿಲ್ಲ. ದಾನಿಯ ಹೆಸರನ್ನು ಅಮೃತಶಿಲೆಯಲ್ಲಿ ಕೆತ್ತಿಸುವುದಕ್ಕೆ ಅಲ್ಲಿ ಅವಕಾಶವಿರಲಿಲ್ಲವೆಂಬುದು ಬೇರೆ ಮಾತು.

ಜೈನ ಮನೆಗಳಿಗೆ ಈ ಕಾಯಿದೆಯ ಸಂಬಂಧವೇ ಇಲ್ಲವೆಂಬುದೂ ನಿಜವಲ್ಲ. ಮಗನ ಅಥವಾ ಮಗಳ ಕರೆಯಂತೆ ಗ್ರೀನ್ ಕಾರ್ಡ್ ಪಡೆದು ಹೋಗುವ ವೃದ್ಧ ತಂದೆತಾಯಿಗಳು ಮೆಡಿಕೇರ್‌ಗೆ ಹಣ ಕೊಟ್ಟು ಸೇರಬೇಕಾದರೂ ಅಲ್ಲಿ ಐದು ವರ್ಷ ವಾಸವಾಗಿರಬೇಕು. ಮೊದಲು ಆ ಐದು ವರ್ಷಗಳನ್ನು, ಹಳೆಯ ಕಾಯಿಲೆಗಳಿಗೆ ಏನನ್ನೂ ಕೊಡದ ಪ್ರವಾಸಿ ವಿಮೆಯ ಭರವಸೆಯಲ್ಲಿ, ಜ್ವರ ಬಂದರೂ ಮಕ್ಕಳಿಗೆ ಹೇಳಲು ಅಂಜುತ್ತ ಕಳೆದವರು ಅನೇಕರು. 2014ರಿಂದ, ಈ ಕಾಯಿದೆ ತೆರೆದ ವಿಮಾ ಮಾರುಕಟ್ಟೆಯಲ್ಲಿ ಅಂತಹವರೂ ವಿಮೆ ಕೊಳ್ಳುವುದು ಸಾಧ್ಯವಾಯಿತು. ಅವರ ಮಧುಮೇಹವನ್ನು ಮುಂದಿಟ್ಟು ಅವರನ್ನು ನಿರಾಕರಿಸುವಂತಿಲ್ಲ. ಫಲವನ್ನು ಉಂಡು, ಮರ ನೆಟ್ಟವರ ಜಗಳದಲ್ಲಿ ತಾನು ತಟಸ್ಥನೆನ್ನುವುದು ಯಾವ ಬಗೆಯ ಅಪರಿಗ್ರಹವೋ ತಿಳಿಯದು.

2012ರ ಜೂನ್ 28ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಕಡ್ಡಾಯ ವಿಮೆಯನ್ನು ತೆರಿಗೆಯೆಂದು ಪರಿಗಣಿಸಿ ಎತ್ತಿಹಿಡಿಯಿತು. ಆದರೆ ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಚ್ಛೆಗೆ ಬಿಟ್ಟಿತು. ವಿಸ್ತರಣೆಯ ವೆಚ್ಚವನ್ನು ಮೊದಲ ಮೂರು ವರ್ಷ ಪೂರ್ತಿಯಾಗಿ, 2020ರಿಂದ ಶೇಕಡಾ 90ರಷ್ಟನ್ನು ಕೇಂದ್ರವೇ ಕೊಡುವುದೆಂದಿದ್ದರೂ ಹಲವು ರಾಜ್ಯಗಳು ಬೇಡವೆಂದವು. 2025ರಲ್ಲಿಯೂ ಹತ್ತು ರಾಜ್ಯಗಳು ಒಪ್ಪಿರಲಿಲ್ಲ. ಟೆಕ್ಸಾಸ್, ಜಾರ್ಜಿಯಾ, ಫ್ಲಾರಿಡಾ ಅವುಗಳಲ್ಲಿ ಸೇರಿವೆ. ಇದರ ಪರಿಣಾಮ ವಿಚಿತ್ರವಾದುದು. ಬಡತನದ ರೇಖೆಗಿಂತ ಸ್ವಲ್ಪ ಮೇಲಿರುವವನಿಗೆ ವಿಮೆ ಕೊಳ್ಳಲು ಸಹಾಯಧನ ಸಿಗುತ್ತದೆ. ರೇಖೆಗಿಂತ ಕೆಳಗಿರುವ, ಮಕ್ಕಳಿಲ್ಲದ ದುಡಿಯುವ ಮನುಷ್ಯನಿಗೆ ಮೆಡಿಕೇಡೂ ಇಲ್ಲ, ಸಹಾಯಧನವೂ ಇಲ್ಲ. ಹೆಚ್ಚು ಬಡವನಾದುದೇ ಅವನ ಅನರ್ಹತೆ. ಇದನ್ನು ಸಮರ್ಥಿಸುವ ನಯ ಯಾವುದೆಂದು ಎಷ್ಟು ಹುಡುಕಿದರೂ ದೊರೆಯದು.

ಹ್ಯೂಸ್ಟನ್, ಡಲ್ಲಾಸ್, ಅಟ್ಲಾಂಟಾ ನಗರಗಳಲ್ಲಿ ಜೈನ ಕೇಂದ್ರಗಳಿವೆ. ಅಲ್ಲಿಯ ಸಮಾಜದಲ್ಲಿ ವೈದ್ಯರಿದ್ದಾರೆ. ಈ ನಡುಕಂದರದಲ್ಲಿ ಬಿದ್ದವರು ಅವರ ಮುಂದೆ, ರೋಗ ಕೈಮೀರಿದ ಮೇಲೆ, ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಬಂದು ಮಲಗುತ್ತಾರೆ. 1949ರಲ್ಲಿ ಅಮೆರಿಕದ ವೈದ್ಯಕೀಯ ಸಂಘವು ಪ್ರತಿ ಸದಸ್ಯನಿಂದ 25 ಡಾಲರ್ ವಸೂಲಿ ಮಾಡಿ ಟ್ರೂಮನ್ ಅವರ ಯೋಜನೆಯ ವಿರುದ್ಧ ಪ್ರಚಾರ ನಡೆಸಿತು. ಅದೇ ಸಂಘವು 2010ರಲ್ಲಿ ಮಸೂದೆಗೆ ಬೆಂಬಲವಿತ್ತಿತು. ವೈದ್ಯರ ಸಂಘವೇ ಬದಲಾಗಬಹುದಾದರೆ, ವೈದ್ಯರಿಂದ ತುಂಬಿದ ಸಮಾಜದ ಟ್ರಸ್ಟುಗಳು ರಾಜ್ಯದ ಶಾಸಕರಿಗೆ ಒಂದು ಪತ್ರ ಬರೆಯಲಾರವೇ? ಧಾರ್ಮಿಕ ಸಂಸ್ಥೆಗೆ ಕಾನೂನಿನ ಅಡ್ಡಿಯಿದೆಯೆಂದು ಪದಾಧಿಕಾರಿಗಳು ಹೇಳುವುದುಂಟು. ಅಲ್ಲಿನ ತೆರಿಗೆ ಕಾನೂನು ದೇಣಿಗೆಯ ವಿನಾಯಿತಿ ಪಡೆದ ಸಂಸ್ಥೆಯು ಒಂದು ಶಾಸನದ ಬಗ್ಗೆ ಮಿತವಾಗಿ ತನ್ನ ಅಭಿಪ್ರಾಯ ತಿಳಿಸುವುದನ್ನು ನಿಷೇಧಿಸಿಲ್ಲ. ಪತ್ರವನ್ನು ಯಾವ ಪಕ್ಷದ ಶಾಸಕರಿಗೆ ಬರೆಯಬೇಕೆಂಬ ಪ್ರಶ್ನೆಗೆ ಉತ್ತರವೂ ಸುಲಭವೇ ಆಗಿದೆ: ಎರಡೂ ಪಕ್ಷದವರಿಗೆ, ಒಂದೇ ಒಕ್ಕಣೆಯಲ್ಲಿ.